ಎಂಜಿನ್ ಬದಲಿಸಿದ ಮೇಲೆ ಏರಿನಲ್ಲಿ ಮಾತ್ರ ಬರುತ್ತಿದ್ದ ಸದ್ದು

ನಮ್ಮ ಹಳೇ ಆಲ್ಟೋಗೆ ಚಿಕ್ಕಮಗಳೂರಿನಲ್ಲೇ ಬೇರೆ ಎಂಜಿನ್ ಕೂರಿಸಿದ್ದಾಯಿತು. ಸೆಕೆಂಡ್ ಹ್ಯಾಂಡ್ ಆದರೂ ಒಳ್ಳೆಯ ಎಂಜಿನ್. ಕಡೂರು ರೋಡಿನಲ್ಲಿ ಒಂದಿಷ್ಟೂ ತಕರಾರಿಲ್ಲ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಏರು ಶುರುವಾದರೆ ಸಾಕು, ಕಾಲಡಿಯಿಂದ ಗರಗರ ಅಂತ ಸದ್ದು. ಆಕ್ಸಿಲರೇಟರ್ ಬಿಟ್ಟರೆ ಮಾಯ.

'ಬೇರಿಂಗ್ ಹೋಗಿದೆ, ಎಂಜಿನ್ ಮತ್ತೆ ಇಳಿಸಿ' ಅಂದವರೇ ಜಾಸ್ತಿ. ನನಗೆ ಒಪ್ಪಿಗೆಯಾಗಲಿಲ್ಲ. ಎಂಜಿನ್ ಬೇರಿಂಗ್ ಆದರೆ ನಿಂತಲ್ಲೇ ರೇಸ್ ಮಾಡಿದಾಗಲೂ ಸ್ವಲ್ಪ ಕೇಳಿಸಬೇಕು, ಅಲ್ವಾ?

ಸಪಾಟು ರೋಡಿನಲ್ಲಿ ಕ್ಲಚ್ ಒತ್ತಿ ಗಾಡಿ ಉರುಳಲು ಬಿಟ್ಟೆ. ಸದ್ದಿಲ್ಲ, ಅಂದರೆ ವೀಲ್ ಬೇರಿಂಗ್ ಅಲ್ಲ. ನಿಂತಲ್ಲಿ ಕ್ಲಚ್ ಒತ್ತಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗ್ (ಕ್ಲಚ್ ಬಿಡಿಸುವ ಬೇರಿಂಗ್) ಮೇಲೆ ಅನುಮಾನ, ಬಿಟ್ಟಾಗ ಬಂದರೆ ಗೇರ್‌ಬಾಕ್ಸ್ ಮೇಲೆ. ಎರಡೂ ಇಲ್ಲ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲಿಟ್ಟು ಹಿಡಿಗೆ ಕಿವಿ ಕೊಟ್ಟೆ. ಅದೂ ನುಣ್ಣಗೆ ತಿರುಗುತ್ತಿತ್ತು.

ಉಳಿದಿದ್ದು ಲೋಡ್, ಅಂದರೆ ಎಂಜಿನ್ ಭಾರ ಎಳೆಯುವಾಗ ಏನಾಗುತ್ತದೆ ಅನ್ನುವುದು. ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಕೊಂಡೇ ಫಸ್ಟ್ ಗೇರಿನಲ್ಲಿ ಕ್ಲಚ್ ಒಂಚೂರು ಬಿಟ್ಟೆ. ತಮ್ಮ ಬಾನೆಟ್ ಪಕ್ಕದಲ್ಲಿ ನಿಂತು ನೋಡುತ್ತಿದ್ದ (ಈ ಪರೀಕ್ಷೆಯಲ್ಲಿ ಗಾಡಿಯ ಮುಂದೆ, ಹಿಂದೆ ಯಾರೂ ನಿಲ್ಲಬಾರದು). ಎಂಜಿನ್ ಹಿಂದಕ್ಕೆ ವಾಲಿತು, ಸದ್ದು ಬಂತು. ರಿವರ್ಸಿನಲ್ಲಿ ಮುಂದಕ್ಕೆ ವಾಲಿತು, ಸದ್ದಿಲ್ಲ!

ಗಾಡಿ ರ‍್ಯಾಂಪ್ ಹತ್ತಿಸಿ ಟಾರ್ಚ್ ಬಿಟ್ಟಾಗ ಸಿಕ್ಕಿತು. ಎಕ್ಸಾಸ್ಟ್ ಪೈಪೆಲ್ಲಾ ತುಕ್ಕು. ಒಂದು ಕಡೆ ಮಾತ್ರ ಕಡಲೆಕಾಳಿನಷ್ಟು ಜಾಗ ಉಜ್ಜಿ ಉಜ್ಜಿ ಫಳಫಳ ಹೊಳೆಯುತ್ತಿತ್ತು. ಅದರ ಎದುರಿಗೇ ಕ್ರಾಸ್ ಮೆಂಬರಿನ (ಗಾಡಿಯ ಅಡಿಯ ಅಡ್ಡಪಟ್ಟಿ) ಅಂಚಿನಲ್ಲಿ ಪೇಂಟ್ ಕಿತ್ತುಹೋಗಿತ್ತು. ಎಂಜಿನ್ ಹಿಂದಕ್ಕೆ ವಾಲಿದಾಗ ಪೈಪು ಅಲ್ಲಿಗೆ ತಾಗುತ್ತಿತ್ತು.

ಎಂಜಿನ್ನನ್ನು ಗಾಡಿಗೆ ಹಿಡಿದಿಡುವುದು ಮೌಂಟ್ ಅನ್ನುವ ರಬ್ಬರ್ ಆಸರೆಗಳು. ಕೂರಿಸುವಾಗ ಒಂದು ಮೌಂಟನ್ನು ಪೂರ್ತಿ ಬಿಗಿದು, ಆಮೇಲೆ ಉಳಿದವಕ್ಕೆ ಎಂಜಿನ್ನನ್ನು ಎಳೆದು ಬೋಲ್ಟ್ ಹಾಕಿದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಎಂಜಿನ್ ಒಂದು ಕಡೆ ವಾಲಿರುತ್ತದೆ. 796 ಸಿಸಿಯ ಈ 3 ಸಿಲಿಂಡರ್ ಎಂಜಿನ್ ಮೊದಲೇ ಅಲುಗಾಡುವ ಜಾತಿ. ಸುತ್ತ ಜಾಗ ಇಲ್ಲದಿದ್ದರೆ ಎಲ್ಲಾದರೂ ತಾಗೇ ತಾಗುತ್ತದೆ.

ಹಾಗಾಗಿ ಎಂಜಿನ್ ಇಳಿಸಲೇ ಇಲ್ಲ. ಅಡಿಗೆ ಹಲಗೆ ಕೊಟ್ಟು ಜಾಕಿನ ಆಸರೆ ಇಟ್ಟೆವು. ಹಿಂದಿನ ಮೌಂಟಿನ ರಬ್ಬರ್ ಸೀಳಿತ್ತು, ಹೊಸದು ಹಾಕಿದೆವು. ಎಲ್ಲ ಮೌಂಟ್ ಬೋಲ್ಟು, ಎಕ್ಸಾಸ್ಟ್ ಫ್ಲೇಂಜು (ಪೈಪು ಸೇರುವ ಜಾಗ) ಸಡಿಲ ಮಾಡಿ, ಎಂಜಿನ್ನನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ, ಅದರ ಪಾಡಿಗೆ ಅದು ಕೂರಲು ಬಿಟ್ಟೆವು. ಆಮೇಲೆ ಮೊದಲು ಮೌಂಟು, ಕೊನೆಗೆ ಎಕ್ಸಾಸ್ಟ್ ಟೈಟ್ ಮಾಡಿದೆವು. ಪೈಪಿನ ಪಕ್ಕ ಬೆರಳು ತೂರುವಷ್ಟು ಜಾಗ ಬಂತು. ಸೀತಾಳಯ್ಯನಗಿರಿ ತನಕ ಹತ್ತಿಸಿ ನೋಡಿದೆ, ಸದ್ದು ಪೂರ್ತಿ ಹೋಗಿತ್ತು.

ಎಂಜಿನ್ ಬದಲಿಸುವವರು ಮೌಂಟ್ ರಬ್ಬರುಗಳನ್ನೂ ಆಗಲೇ ಹೊಸದು ಹಾಕಿಸಿ. ಎಂಜಿನ್ ಹೊರಗಿರುವಾಗ ಅದು ಸುಲಭದ ಕೆಲಸ. ಆಮೇಲೆ ಹಿಂದಿನ ಮೌಂಟಿಗೆ ಕೈ ಹೋಗುವುದೇ ಕಷ್ಟ.