ಎಫ್/1.2 ಲೆನ್ಸ್: ಕಣ್ಣಿಗೆ ಫೋಕಸ್ ಮಾಡಿದರೆ ಕಿವಿ ಏಕೆ ಸ್ಪಷ್ಟವಾಗುತ್ತದೆ?

ಹಳೆಯ ಮ್ಯಾನುಯಲ್ ಫೋಕಸ್ ಲೆನ್ಸ್‌ಗಳ ಮೋಹ ಮತ್ತೆ ಹಬ್ಬಿದೆ. ಅದರಲ್ಲೂ ನಿಕಾನ್ ಕಂಪನಿಯ ನಿಕ್ಕೋರ್ 50 ಮಿ.ಮೀ. ಎಫ್/1.2 ಎಂದರೆ ಚೌಕಾಸಿ ಮಾಡುವುದನ್ನೂ ಮರೆಯುವವರಿದ್ದಾರೆ. ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಲೆನ್ಸ್‌ನಲ್ಲಿ ಬೆಳಕು ಹೋಗುವ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು, ಚಿತ್ರದಲ್ಲಿ ಸ್ಪಷ್ಟವಾಗಿರುವ ಪಟ್ಟಿ ತೆಳು. ಕೊಂಡ ಮೊದಲ ವಾರ ಹೂವು, ಕಾಫಿ ಲೋಟ, ಮನೆಯ ಬೆಕ್ಕು. ಎರಡನೆಯ ವಾರ ಮದುವೆ ಮನೆಗೋ ಯಕ್ಷಗಾನದ ಚೌಕಿಗೋ (ಬಣ್ಣದ ಮನೆ) ಹೋಗಿ ಬಂದು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ, ಕಿವಿಯೋಲೆ ಫಳಫಳ, ಕಣ್ಣು ಮಸುಕು. ‘ಲೆನ್ಸ್ ಸಾಫ್ಟ್’ ಎಂಬ ತೀರ್ಪಿನೊಂದಿಗೆ ಅದು ಮಾರಾಟಕ್ಕೆ ಬರುತ್ತದೆ. ಇಂಥ ಲೆನ್ಸ್‌ಗಳಲ್ಲಿ ಬಹುಪಾಲು ಚೆನ್ನಾಗಿಯೇ ಇರುತ್ತವೆ. ಕೆಟ್ಟಿರುವುದು ಫೋಕಸ್ ಮಾಡುವ ಕ್ರಮ. ಹಾಗಾಗಿ ಮೂರನೆಯ ಹಂತವನ್ನು ಮಾತ್ರ ನಿಧಾನವಾಗಿ ಓದಿ, ಉಳಿದವನ್ನು ಹೇಗೆ ಓದಿದರೂ ನಡೆಯುತ್ತದೆ.

1. ಕೊಳ್ಳುವಾಗ

ಈ ಲೆನ್ಸ್ 1978ರಲ್ಲಿ ಎಐ (ಲೆನ್ಸ್‌ನ ಅಪರ್ಚರನ್ನು ಕ್ಯಾಮೆರಾಕ್ಕೆ ತಾನಾಗಿ ತಿಳಿಸುವ ವ್ಯವಸ್ಥೆ) ರೂಪದಲ್ಲಿ ಬಂತು, 1981ರಲ್ಲಿ ಎಐ-ಎಸ್ ಆಯಿತು. ಯಾವುದಾದರೂ ಸರಿ. ಆದರೆ 1965ರಲ್ಲಿ ಬಂದ 55 ಮಿ.ಮೀ. ಎಫ್/1.2 ಅನ್ನು ಇದೇ ಎಂದು ತಿಳಿದು ಕೊಳ್ಳಬೇಡಿ. 1977ಕ್ಕೂ ಮೊದಲಿನ ಲೆನ್ಸ್‌ಗಳ ಅಪರ್ಚರ್ ಉಂಗುರವನ್ನು ತಿದ್ದಿಸದೆ ನಿಕಾನ್ ಡಿ750ರಂಥ ಕ್ಯಾಮೆರಾಕ್ಕೆ ಹಾಕಿದರೆ ಮೌಂಟಿನ ಪಕ್ಕದಲ್ಲಿರುವ ಪುಟ್ಟ ಕೊಂಡಿ ಮುರಿಯಬಹುದು. ಲೆನ್ಸ್‌ನೊಳಗೆ ಟಾರ್ಚ್ ಬಿಟ್ಟು, ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು ಎಂದು ತಿಳಿದು ಹಿಂದಿರುಗಿಸಿ. ಅಪರ್ಚರನ್ನು ಹಿಗ್ಗಿಸಿ ಕುಗ್ಗಿಸುವ ಒಂಬತ್ತು ಬ್ಲೇಡ್‌ಗಳ ಮೇಲೆ ಎಣ್ಣೆ ಇರಬಾರದು.

2. ಕ್ಯಾಮೆರಾಕ್ಕೆ ಪರಿಚಯಿಸುವುದು

ಮೆನುವಿನಲ್ಲಿ ‘ನಾನ್-ಸಿಪಿಯು ಲೆನ್ಸ್ ಡೇಟಾ’ ಹುಡುಕಿ 50 ಮತ್ತು 1.2 ಎಂದು ನಮೂದಿಸಿ, ಮುಗಿಯಿತು. ಡಿ7200ರಲ್ಲಿ ಈ ಸೌಲಭ್ಯವಿದೆ, ಅದರ ನಂತರ ಬಂದ ಡಿ7500ರಲ್ಲಿ ಅಪರ್ಚರ್ ಓದುವ ಕೊಂಡಿಯನ್ನೇ ತೆಗೆದುಹಾಕಿದರು. ಡಿ3000, ಡಿ5000 ಸರಣಿಯವರಿಗೆ ಬೆಳಕಿನ ಅಳತೆಯೂ ಸಿಗದು, ಎಲ್ಲವನ್ನೂ ಅಂದಾಜಿನಲ್ಲೇ ಮಾಡಬೇಕು. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾದಲ್ಲೂ ಈ 50 ಎಂಬ ಅಂಕಿ ಬೇಕೇ ಬೇಕು, ಕೈನಡುಕ ತಡೆಯುವ ವ್ಯವಸ್ಥೆ ಲೆಕ್ಕ ಹಾಕುವುದು ಅದರ ಮೇಲೆಯೇ.

ಬೇರೆ ಕಂಪನಿಯ ಮಿರರ್‌ಲೆಸ್‌ಗೆ ಹಾಕುವವರು ಅಡಾಪ್ಟರಿಗೆ ಸ್ವಲ್ಪ ಹೆಚ್ಚೇ ಹಣ ಕೊಡಿ. ಅಗ್ಗದವು ಬೇಕೆಂದೇ ಕೂದಲೆಳೆಯಷ್ಟು ತೆಳುವಾಗಿರುತ್ತವೆ, ದೂರದ ಬೆಟ್ಟಕ್ಕೆ ಫೋಕಸ್ ಸಿಗದಿದ್ದರೆ ಗಿರಾಕಿ ಜಗಳ ತೆಗೆಯುತ್ತಾನಲ್ಲ! ಅದರ ಪರಿಣಾಮವಾಗಿ ಲೆನ್ಸ್ ಮೇಲೆ ಕೆತ್ತಿರುವ ದೂರದ ಅಂಕಿಗಳಾವುವೂ ನಿಜವಲ್ಲ.

3. ಫೋಕಸ್

ಮೊದಲು ಲೆಕ್ಕ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಎಫ್/1.2 ಇಟ್ಟು ಒಂದೂವರೆ ಮೀಟರ್ ದೂರದ ಮುಖ ತೆಗೆದರೆ ಸ್ಪಷ್ಟವಾಗಿರುವ ಪಟ್ಟಿಯ ದಪ್ಪ ಸುಮಾರು 6 ಸೆಂ.ಮೀ. ಒಂದು ಮೀಟರಿಗೆ ಬಂದರೆ 2.7 ಸೆಂ.ಮೀ. ಲೆನ್ಸ್ ಅನುಮತಿಸುವ ಅತಿ ಹತ್ತಿರದ ಅರ್ಧ ಮೀಟರಿನಲ್ಲಿ ಆರೇಳು ಮಿಲಿಮೀಟರ್, ಅಂದರೆ ಒಂದು ರೆಪ್ಪೆ ಸ್ಪಷ್ಟವಾದರೆ ಇನ್ನೊಂದು ಕಣ್ಣನ್ನು ಮರೆತುಬಿಡಬೇಕು.

ಈಗ ಎಲ್ಲರೂ ಮಾಡುವ ಕೆಲಸ ನೋಡಿ. ಚೌಕಟ್ಟಿನ ನಡುವೆ ಕಣ್ಣಿಟ್ಟು ಫೋಕಸ್ ಮಾಡುತ್ತಾರೆ, ಆಮೇಲೆ ಕ್ಯಾಮೆರಾ ತಿರುಗಿಸಿ ಕಣ್ಣನ್ನು ಅಂಚಿಗೆ ತರುತ್ತಾರೆ. ಒಂದು ಮೀಟರ್ ದೂರದಲ್ಲಿ 15 ಡಿಗ್ರಿ ತಿರುಗಿಸಿದರೆ ಫೋಕಸ್ಸಿನ ಸಮತಲ ಕಣ್ಣಿನಿಂದ 3.4 ಸೆಂ.ಮೀ. ಹಿಂದಕ್ಕೆ ಹೋಗಿರುತ್ತದೆ. ನಿಮ್ಮ ಕೈಯಲ್ಲಿದ್ದದ್ದು ಆ ಬದಿಗೊಂದು ಈ ಬದಿಗೊಂದು ಎಂಬಂತೆ 1.35 ಸೆಂ.ಮೀ. ಮಾತ್ರ. ಕಿವಿಯೋಲೆ ಫಳಫಳ ಎನ್ನುವುದು ಇಲ್ಲಿಂದ. ಈ ಲೆನ್ಸ್ ಹಾಕಿದ ದಿನ ಆ ಅಭ್ಯಾಸವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಮೊದಲು ಚೌಕಟ್ಟು ಕೂರಿಸಿ, ಆಮೇಲೆ ಕಣ್ಣು ಇರುವ ಜಾಗದಲ್ಲೇ ಫೋಕಸ್ ಮಾಡಿ.

ಡಿಎಸ್‌ಎಲ್‌ಆರ್‌ನವರಿಗೆ, ಅಂದರೆ ಒಳಗೆ ಕನ್ನಡಿಯಿರುವ ಕ್ಯಾಮೆರಾದವರಿಗೆ, ಇನ್ನೊಂದು ಮೋಸ ಕಾದಿರುತ್ತದೆ. ಈಗಿನ ವ್ಯೂಫೈಂಡರಿನ ಪರದೆಗಳನ್ನು ಬೆಳಕು ಹೆಚ್ಚಿ ಕಾಣುವಂತೆ ಮಾಡಿರುವುದರಿಂದ ಅವು 1.2ರ ತೆಳು ಪಟ್ಟಿಯ ಬದಲು ಸುಮಾರು ಎಫ್/2.8ರ ದಪ್ಪ ಪಟ್ಟಿಯನ್ನು ತೋರಿಸುತ್ತವೆ. ನಂಬದವರು ಡೆಪ್ತ್ ಪ್ರಿವ್ಯೂ ಗುಂಡಿಯನ್ನು (ಲೆನ್ಸನ್ನು ಆಯ್ದ ಅಪರ್ಚರಿಗೆ ಇಳಿಸಿ ತೋರಿಸುವುದು) ಒತ್ತಿ ಹಿಡಿದು ಅಪರ್ಚರ್ ಉಂಗುರವನ್ನು 1.2ರಿಂದ 2ಕ್ಕೆ ತಿರುಗಿಸಲಿ, ಒಳಗೆ ಬೆಳಕು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಂದರೆ ಪರದೆಯಲ್ಲಿ ಕಣ್ಣೂ ಕಿವಿಯೂ ಎರಡೂ ಸ್ಪಷ್ಟ. ಚಿತ್ರದಲ್ಲಿ ಒಂದು ಮಾತ್ರ.

ಆಗ ಆಸರೆ ವ್ಯೂಫೈಂಡರಿನ ಕೆಳಗೆ ಬೆಳಗುವ ಚುಕ್ಕಿ. ಫೋಕಸ್ ಪಾಯಿಂಟನ್ನು ಕಣ್ಣಿನ ಮೇಲೆ ಸರಿಸಿ ಉಂಗುರ ತಿರುಗಿಸಿದರೆ ಅದು ಹೊತ್ತಿಕೊಳ್ಳುತ್ತದೆ. ಆದರೆ ಉಂಗುರ ಇನ್ನೂ ಸ್ವಲ್ಪ ಸರಿದರೂ ಅದು ಆರುವುದಿಲ್ಲ, ಸ್ಪಷ್ಟತೆ ಆ ಹರವಿನ ಯಾವುದೋ ಒಂದು ತುದಿಯಲ್ಲಿರುತ್ತದೆ. ಯಾವ ತುದಿ ಎಂಬುದು ನಿಮ್ಮ ಲೆನ್ಸ್ ಮತ್ತು ನಿಮ್ಮ ಕ್ಯಾಮೆರಾದ ಜೋಡಿಗೆ ಸೇರಿದ್ದು. ಕಂಡುಹಿಡಿಯಲು ಈ ಪುರವಣಿಯನ್ನೇ ಮೇಜಿನ ಮೇಲೆ ಹಾಸಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಓರೆಯಾಗಿ ಇಟ್ಟು, ಒಂದು ಸಾಲನ್ನು ಪೆನ್ನಿನಿಂದ ಗುರುತಿಸಿ. ಉಂಗುರವನ್ನು ದೂರದ ಕಡೆಯಿಂದ ತರುತ್ತ ಚುಕ್ಕಿ ಹೊತ್ತಿದ ಕೂಡಲೇ ಒಂದು ಚಿತ್ರ ತೆಗೆಯಿರಿ, ಹತ್ತಿರದ ಕಡೆಯಿಂದ ತರುತ್ತ ಇನ್ನೊಂದು. ಗುರುತಿಸಿದ ಸಾಲು ಯಾವುದರಲ್ಲಿ ಸ್ಪಷ್ಟವೋ, ಮುಂದೆಂದೂ ಆ ಕಡೆಯಿಂದಲೇ ಬನ್ನಿ.

ಮಿರರ್‌ಲೆಸ್‌ನವರು ಅಂಚುಗಳಿಗೆ ಕೆಂಪು ಬಳಿಯುವ ಪೀಕಿಂಗ್ ಅನ್ನು ಆಫ್ ಮಾಡಿಬಿಡಿ. ಎಫ್/1.2ರಲ್ಲಿ ಅದು ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲಕ್ಕೂ ಕೆಂಪು ಬಳಿದು ಸಮಾಧಾನ ಹೇಳುತ್ತದೆ. ಮುಂಭಾಗದ ಯಾವುದಾದರೂ ಗುಂಡಿಗೆ ಚಿತ್ರ ಹಿಗ್ಗಿಸುವ ಕೆಲಸ ಕೊಟ್ಟು, ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣುವವರೆಗೆ ಉಂಗುರ ತಿರುಗಿಸುವುದೊಂದೇ ದಾರಿ.

ಇಷ್ಟಾದ ಮೇಲೆ ಉಂಗುರವನ್ನು ಮರೆತುಬಿಡಿ. ಕುಳಿತ ಮನುಷ್ಯನೂ ಉಸಿರಾಡುತ್ತಾನೆ, ನೀವೂ ಉಸಿರಾಡುತ್ತೀರಿ. ಒಂದು ಮೀಟರಿನಲ್ಲಿ ಇಬ್ಬರ ಉಸಿರು ಸೇರಿದರೆ ಪಟ್ಟಿ ತಪ್ಪಲು ಅಷ್ಟೇ ಸಾಕು. ಉಂಗುರವನ್ನು ಹಿಂದೆ ಮುಂದೆ ಆಡಿಸುತ್ತ ಬೆನ್ನಟ್ಟುವವರು ಯಾವಾಗಲೂ ಒಂದು ಕ್ಷಣ ಹಿಂದೆ ಬೀಳುತ್ತಾರೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಸೊಂಟದಿಂದ ಬಹಳ ನಿಧಾನವಾಗಿ ಮುಂದಕ್ಕೆ ಬಾಗುತ್ತ, ರೆಪ್ಪೆ ಸ್ಪಷ್ಟವಾಗುವುದಕ್ಕೆ ತುಸು ಮೊದಲೇ ಶಟರ್ ಒತ್ತಿ ನಾಲ್ಕೈದು ಚಿತ್ರ ಒಟ್ಟಿಗೆ ತೆಗೆಯಿರಿ. ಒಂದರಲ್ಲಿ ಸಿಕ್ಕುತ್ತದೆ.

ಚೌಕಿಯಲ್ಲಿ ಕನ್ನಡಿ ಹಿಡಿದು ಮುಖವರ್ಣಿಕೆ ಬರೆದುಕೊಳ್ಳುವ ವೇಷಧಾರಿಯ ಪ್ರತಿಬಿಂಬ ತೆಗೆಯುವವರು ಒಂದು ವಿಷಯ ನೆನಪಿಡಿ. ಕನ್ನಡಿಯ ಚೌಕಟ್ಟಿಗೆ ಫೋಕಸ್ ಮಾಡಿದರೆ ಮುಖ ಸಿಗುವುದಿಲ್ಲ. ನಿಮ್ಮಿಂದ ಕನ್ನಡಿಗೆ ಇರುವ ದೂರಕ್ಕೆ ಕನ್ನಡಿಯಿಂದ ಮುಖಕ್ಕಿರುವ ದೂರವೂ ಸೇರಬೇಕು. ಹಣೆಯ ನಾಮದ ಬಿಳಿಗೆರೆ ಕನ್ನಡಿಯಲ್ಲಿ ಚೂಪಾಗಿ ಕಂಡಾಗ ಚೌಕಟ್ಟು ಮಸುಕಾಗಿಯೇ ಇರುತ್ತದೆ, ಅದೇ ಸರಿ.

ತಪ್ಪಿದ್ದು ಯಾವ ಕಡೆಗೆ ಎಂದು ತಿಳಿಯಲು ಚಿತ್ರವನ್ನು ಹಿಗ್ಗಿಸಿ ರೆಪ್ಪೆಯ ಅಂಚಿನ ಬಣ್ಣ ನೋಡಿ. ನೇರಳೆ ಬಣ್ಣ ಕಂಡರೆ ಫೋಕಸ್ ಕಣ್ಣಿನ ಹಿಂದೆ ಬಿದ್ದಿದೆ, ಹಸಿರು ಕಂಡರೆ ಮುಂದೆ. ಎಲ್ಲರೂ ಬೈಯುವ ಈ ಬಣ್ಣದ ಅಂಚು ನನಗಂತೂ ಕ್ಯಾಮೆರಾದ ಚುಕ್ಕಿಗಿಂತ ಹೆಚ್ಚು ನಂಬಿಕಸ್ಥ.

4. ಅಪರ್ಚರ್ ಆಯ್ಕೆ

ಉಂಗುರದ ಮೇಲೆ 1.2 ಆದ ಮೇಲಿನ ಅಂಕಿ ನೇರವಾಗಿ 2. ಇವೆರಡೂ ಒಂದೇ ಲೆನ್ಸ್ ಎಂದು ಹೇಳುವುದೇ ಕಷ್ಟ. 1.2ರಲ್ಲಿ ಬಿಳಿ ಪಂಚೆಯ ಅಂಚಿಗೂ ಮಲ್ಲಿಗೆ ಮಾಲೆಗೂ ತೆಳುವಾದ ಮಂಜು ಹತ್ತುತ್ತದೆ, 2ರಲ್ಲಿ ಅದು ಮಾಯವಾಗಿ ಚಿತ್ರ ಹರಿತವಾಗುತ್ತದೆ. ಮಂಜು ಬೇಕೆನಿಸಿದಾಗ ಮಾತ್ರ 1.2, ಉಳಿದಂತೆ 2. ಹಣ ಕೊಟ್ಟಿದ್ದೇನೆ ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ 1.2ರಲ್ಲೇ ತೆಗೆಯಬೇಕಿಲ್ಲ.

ಆದರೆ 1.2ರಲ್ಲಿ ಫೋಕಸ್ ಮಾಡಿ 2 ಅಥವಾ 2.8ರಲ್ಲಿ ತೆಗೆದರೆ ಸ್ಪಷ್ಟ ಸಮತಲ ಕೊಂಚ ಹಿಂದಕ್ಕೆ ಜಾರುತ್ತದೆ. ಗಾಜಿನ ಅಂಚಿನಿಂದ ಬರುವ ಕಿರಣಗಳೂ ನಡುವಿನಿಂದ ಬರುವ ಕಿರಣಗಳೂ ಒಂದೇ ಕಡೆ ಕೂಡುವುದಿಲ್ಲ, ಬ್ಲೇಡ್‌ಗಳು ಅಂಚಿನ ಕಿರಣಗಳನ್ನು ತಡೆದಾಗ ನಡುವಿನವುಗಳ ಮಾತೇ ನಡೆಯುತ್ತದೆ. ಮಿರರ್‌ಲೆಸ್‌ನಲ್ಲಿ ಇದಕ್ಕೆ ಮದ್ದು ಸುಲಭ: ಚಿತ್ರ ತೆಗೆಯುವ ಅಪರ್ಚರಿನಲ್ಲೇ ಫೋಕಸ್ ಮಾಡಿ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಮಾಡುವಾಗ ಲೆನ್ಸ್ ಪೂರ್ತಿ ತೆರೆದೇ ಇರುವುದರಿಂದ ಹತ್ತಿರದ ಮುಖಗಳಿಗೆ ಫೋಕಸ್ ಆದ ಮೇಲೆ ಒಂದು ಎಳೆಯಷ್ಟು ಹಿಂದಕ್ಕೆ ವಾಲಬೇಕು. 4 ದಾಟಿದ ಮೇಲೆ ಈ ತಲೆನೋವಿಲ್ಲ.

5. ಬೆಳಕು

ನಡು ಮಧ್ಯಾಹ್ನದ ಬಿಸಿಲಲ್ಲಿ ಐಎಸ್‌ಒ 100 ಇಟ್ಟು 1.2ರಲ್ಲಿ ತೆಗೆಯಲು ಸೆಕೆಂಡಿನ ಸುಮಾರು 18,000ನೇ ಒಂದು ಭಾಗದ ಶಟರ್ ವೇಗ ಬೇಕು. ಹೆಚ್ಚಿನ ಕ್ಯಾಮೆರಾಗಳ ಯಾಂತ್ರಿಕ ಶಟರಿನಲ್ಲಿ ಇರುವುದು 4,000 ಅಥವಾ 8,000. ಬೆಳಕನ್ನು ಎಂಟರಲ್ಲೊಂದು ಪಾಲಿಗೆ ಇಳಿಸುವ 52 ಮಿ.ಮೀ.ನ ಎನ್‌ಡಿ8 ಫಿಲ್ಟರ್ ಒಂದನ್ನು ಚೀಲದಲ್ಲಿಡಿ. ಅಂಗಡಿಯವರು ‘ರಕ್ಷಣೆಗೆ’ ಎಂದು ಅಂಟಿಸುವ ಅಗ್ಗದ ಯುವಿ ಫಿಲ್ಟರನ್ನು ಮಾತ್ರ ಕಿತ್ತೆಸೆಯಿರಿ. ರಾತ್ರಿ ಬಲ್ಬಿನ ಎದುರು ನಿಂತರೆ ಚಿತ್ರದಲ್ಲಿ ಎರಡನೆಯದೊಂದು ಬಲ್ಬು ತೇಲುವುದು ಅದರಿಂದಲೇ. ರಕ್ಷಣೆಗೆ ಲೋಹದ ಹುಡ್ ಸಾಕು.

ಎಲ್‌ಇಡಿ, ಟ್ಯೂಬ್‌ಲೈಟ್ ಇರುವಲ್ಲಿ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ ಎಂದು ಶಟರ್ ವೇಗವನ್ನು 1/500ಕ್ಕೆ ಏರಿಸಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಮಿನುಗುವುದು ಸೆಕೆಂಡಿಗೆ 100 ಸಲ. 1/100ರಲ್ಲಿ ನಿಂತರೆ ಅಡ್ಡಪಟ್ಟಿಗಳು ಬರುವುದಿಲ್ಲ.

6. ಮಳೆಗಾಲ

ಕರಾವಳಿ, ಮಲೆನಾಡಿನವರು ಜೂನ್ ಬರುವ ಮೊದಲೇ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಮತ್ತು ಪುಟ್ಟ ತೇವಾಂಶ ಮಾಪಕ ತಂದಿಟ್ಟುಕೊಳ್ಳಿ. ತೇವಾಂಶ ಶೇ 40ರಿಂದ 50ರ ನಡುವೆ ಇರಲಿ. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಉಪಾಯ ಬೇಡ, ಅದರ ಧೂಳು ಫೋಕಸ್ ಉಂಗುರದ ಸಂದಿಗೆ ಸೇರುತ್ತದೆ. ಹಳೆಯ ಲೆನ್ಸ್ ಜೊತೆ ಬರುವ ಚರ್ಮದ ಚೀಲ ಶೋಕೇಸಿನಲ್ಲಿರಲಿ, ಲೆನ್ಸಿಗಿಂತ ಮೊದಲು ಬೂಷ್ಟು ಹಿಡಿಯುವುದು ಅದಕ್ಕೇ.