ಕೈಗಾರಿಕಾ ಕ್ರಾಂತಿಯ ಪಾಠವನ್ನು ನಾನು ತಕಲಿಯಿಂದ ಶುರು ಮಾಡುತ್ತೇನೆ

ಕೈಗಾರಿಕಾ ಕ್ರಾಂತಿಯ ಪಾಠ ಬಂದ ಕೂಡಲೇ ನಮ್ಮ ಪಿಯು ಮಕ್ಕಳು ಕೇಳುವುದು ಎರಡೇ: ಇದರಿಂದ ಎಷ್ಟು ಅಂಕದ ಪ್ರಶ್ನೆ ಬರುತ್ತದೆ, ಸಂಶೋಧಕರ ಪಟ್ಟಿ ಯಾವಾಗ ಬರೆಸುತ್ತೀರಿ. ಜಾನ್ ಕೇ, ಹಾರುವ ಲಾಳಿ, 1733. ಆರ್ಕ್‌ರೈಟ್, ನೀರಿನಿಂದ ನಡೆಯುವ ನೂಲುವ ಯಂತ್ರ, 1769. ಕ್ರಾಂಪ್ಟನ್, ಮ್ಯೂಲ್ ಎಂಬ ನೂಲುವ ಯಂತ್ರ, 1779. ಇದನ್ನು ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಬರೀ ಪಟ್ಟಿ ಓದಿದವರಿಗೆ ಇಂಗ್ಲೆಂಡಿನಲ್ಲಿ ಆ ಕಾಲಕ್ಕೆ ಬುದ್ಧಿವಂತರ ಸುಗ್ಗಿಯೇ ಬಂದಿತ್ತೇನೋ ಅನಿಸುತ್ತದೆ. ಬೆಳಗಾವಿ ಜಿಲ್ಲೆಯ ಕಾಲೇಜೊಂದರಲ್ಲಿ ಈ ಪಾಠ ಮಾಡುತ್ತ ಬಂದಿರುವ ನಾನು ಪಟ್ಟಿಯನ್ನು ಕೊನೆಗೆ ತಳ್ಳಿದ್ದೇನೆ. ಮೊದಲ ತರಗತಿಗೆ ತಕಲಿ (ಕೈಯಲ್ಲಿ ತಿರುಗಿಸಿ ನೂಲುವ ಕದಿರು) ಮತ್ತು ಹಂಜಿ (ನೂಲಲು ಹದಮಾಡಿದ ಹತ್ತಿಯ ಸುರುಳಿ) ಒಯ್ಯುತ್ತೇನೆ.

ಖಾದಿ ಕೇಂದ್ರದಲ್ಲಿ ಹಂಜಿ ಸಿಗುತ್ತದೆ. ಬೆಂಚಿಗೊಂದು ತಕಲಿ ಕೊಟ್ಟು ನೂಲಿರಿ ಎನ್ನುತ್ತೇನೆ. ಎಳೆ ಗೇಣುದ್ದ ಬರುವಷ್ಟರಲ್ಲಿ ಹರಿಯುತ್ತದೆ. ಹರಿಯದಿದ್ದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲೆಳೆ. ಅರ್ಧ ಗಂಟೆ ಹೀಗೆ ಹೆಣಗಿದ ಮೇಲೆ ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಬರೆಯುತ್ತೇನೆ. ನೂರು ಪೌಂಡ್ ಹತ್ತಿಯಿಂದ ಸಣ್ಣ ನೂಲು ತೆಗೆಯಲು ಭಾರತದ ಕೈನೂಲುವವರಿಗೆ ಸುಮಾರು 50,000 ಗಂಟೆ ಬೇಕಾಗುತ್ತಿತ್ತು ಎಂಬ ಅಂದಾಜಿದೆ. ಮೊದಮೊದಲಿನ ಮ್ಯೂಲ್‌ಗೆ 2,000 ಗಂಟೆ ಸಾಕಾಯಿತು. 1825ರ ಹೊತ್ತಿಗೆ ಬಂದ ಸ್ವಯಂಚಾಲಿತ ಮ್ಯೂಲ್‌ಗೆ 135. ಕೈಯಲ್ಲಿ ಹರಿದ ಎಳೆ ಹಿಡಿದು ಕೂತವರಿಗೆ ಈ ಅಂಕಿಗಳನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಮೇಲೆ ನೇಕಾರರ ಮನೆಯ ಮಕ್ಕಳನ್ನು ಮಾತಿಗೆಳೆಯುತ್ತೇನೆ. ರಬಕವಿ–ಬನಹಟ್ಟಿ ಕಡೆಯಿಂದ ಬಂದವರು ತರಗತಿಯಲ್ಲಿ ಒಬ್ಬಿಬ್ಬರಾದರೂ ಇರುತ್ತಾರೆ. ಹಾಸು (ಉದ್ದನೆಯ ಎಳೆ), ಹೊಕ್ಕು (ಅಡ್ಡ ಎಳೆ), ಕಂಡಿಕೆ (ನೂಲು ಸುತ್ತಿದ ಕೊಳವೆ) ಎಲ್ಲ ಅವರಿಗೆ ಮನೆಮಾತು. ಹೊಕ್ಕಿನ ನೂಲು ಒಯ್ಯುವ ಲಾಳಿಯನ್ನು ಕೈಯಿಂದ ಕೈಗೆ ದಾಟಿಸುವ ಬದಲು ಹಗ್ಗ ಎಳೆದು ಓಡಿಸಿದರೆ ಏನಾಗುತ್ತದೆ ಎಂದು ಕೇಳಿದಾಗ ಒಬ್ಬ ಹುಡುಗಿ ತಡಮಾಡದೆ ಹೇಳಿದಳು: "ನೂಲು ಸಾಲುವುದಿಲ್ಲ ಸರ್." ನೇಯ್ಗೆಯ ವೇಗ ಹೆಚ್ಚಿದರೆ ನೂಲು ಬೇಗ ಮುಗಿಯುತ್ತದೆ, ಅಷ್ಟೇ ವಿಷಯ. ಮೊದಲೇ ಒಂದು ಮಗ್ಗಕ್ಕೆ ನೂಲು ಒದಗಿಸಲು ನಾಲ್ಕಾರು ಜನ ನೂಲಬೇಕಿತ್ತು. ಜಾನ್ ಕೇಯ ಲಾಳಿಯಿಂದ ಆ ಕೊರತೆ ಇನ್ನೂ ಬಿಗಿಯಾಯಿತು. ಹಾರ್ಗ್ರೀವ್ಸ್‌ನ ಎಂಟು ಕದಿರಿನ ನೂಲುವ ಯಂತ್ರ ಜೆನ್ನಿ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

ಇಲ್ಲಿಯವರೆಗೆ ಸುಲಭ. ನೂಲಿನ ಕೊರತೆ ಎಲ್ಲಿ ಬೇಕಾದರೂ ಬರಬಹುದಿತ್ತು, ಇಂಗ್ಲೆಂಡಿನಲ್ಲೇ ಏಕೆ ಎನ್ನುವುದು ಕಷ್ಟದ ಪ್ರಶ್ನೆ. ಕಾರಣಗಳನ್ನು ಒಂದು, ಎರಡು, ಮೂರು ಎಂದು ಪೇರಿಸುವ ಗೈಡುಗಳು ನನಗೆ ಹಿಡಿಸುವುದಿಲ್ಲ. ನಾನು ಮಕ್ಕಳಿಂದ ಒಂದು ಜಮಾಖರ್ಚು ಬರೆಸುತ್ತೇನೆ. ಕೂಲಿ ದುಬಾರಿ, ಕಲ್ಲಿದ್ದಲು ಅಗ್ಗ ಇರುವ ಊರಿನಲ್ಲಿ ಯಂತ್ರ ಕೊಂಡವನಿಗೆ ಏನು ಉಳಿಯುತ್ತದೆ? ಕೂಲಿ ಅಗ್ಗ, ಉರುವಲು ದುಬಾರಿ ಇರುವ ಊರಿನಲ್ಲಿ? ಎರಡನೆಯ ಊರಿನವನು ಎಷ್ಟೇ ಜಾಣನಾದರೂ ಯಂತ್ರಕ್ಕೆ ಕೈಹಾಕುವುದಿಲ್ಲ. ಇಂಗ್ಲೆಂಡು ಮೊದಲನೆಯ ಊರು. ಗಣಿಯಿಂದ ನೀರೆತ್ತುವ ನ್ಯೂಕಾಮನ್‌ನ 1712ರ ಉಗಿಯಂತ್ರ ಕಲ್ಲಿದ್ದಲನ್ನು ಬಕಾಸುರನಂತೆ ತಿನ್ನುತ್ತಿತ್ತು. ಕಲ್ಲಿದ್ದಲ ಗಣಿಯ ಬಾಯಲ್ಲೇ ನಿಂತಿದ್ದರಿಂದ ಅದರ ಹೊಟ್ಟೆ ತುಂಬಿಸುವುದು ಸಾಧ್ಯವಾಯಿತು. 1761ರಲ್ಲಿ ಗಣಿಯಿಂದ ಕಲ್ಲಿದ್ದಲು ಸಾಗಿಸುವ ಬ್ರಿಜ್‌ವಾಟರ್ ಕಾಲುವೆ ತೆರೆದಾಗ ಮ್ಯಾಂಚೆಸ್ಟರಿನಲ್ಲಿ ಅದರ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಇಂಗ್ಲೆಂಡಿನ ಕೂಲಿ ನಿಜಕ್ಕೂ ಅಷ್ಟು ದುಬಾರಿಯಾಗಿತ್ತೇ, ಹೆಂಗಸರ ಮತ್ತು ಮಕ್ಕಳ ಕೂಲಿಯನ್ನೂ ಹಾಗೆ ಹೇಳಲಾದೀತೇ ಎಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಿದ್ದಾರೆ. ಆ ಜಗಳವನ್ನೂ ಮಕ್ಕಳಿಗೆ ಹೇಳುತ್ತೇನೆ.

ಹಿಂದಿನ ಬೆಂಚಿನಿಂದ ಪ್ರತಿ ಸಲ ಬರುವ ಉತ್ತರ, "ನಮ್ಮನ್ನು ದೋಚಿ ಕಟ್ಟಿದರು ಸರ್." ಇದನ್ನು ನಾನು ತಳ್ಳಿಹಾಕುವುದಿಲ್ಲ, ಅಷ್ಟಕ್ಕೇ ಬಿಡುವುದೂ ಇಲ್ಲ. ಭಾರತದ ಅಚ್ಚುಬಟ್ಟೆಗೆ ಇಂಗ್ಲೆಂಡಿನ ಜನ ಮರುಳಾಗಿದ್ದರು. ಸ್ವದೇಶದ ಉಣ್ಣೆ, ರೇಷ್ಮೆಯವರ ಒತ್ತಾಯಕ್ಕೆ 1700ರಲ್ಲಿ ಮತ್ತು 1721ರಲ್ಲಿ ಸಂಸತ್ತು ನಿರ್ಬಂಧದ ಕಾನೂನು ತಂದಿತು. ಸ್ಪರ್ಧಿಯನ್ನು ಬಾಗಿಲಾಚೆ ನಿಲ್ಲಿಸಿ ಆಮೇಲೆ ಅವನ ಕಸುಬು ಕಲಿತರು. ಗಿರಣಿ ಬೆಳೆದ ಮೇಲೆ ಹತ್ತಿ ಬಂದದ್ದು ಬಹುಪಾಲು ಅಮೆರಿಕದ ತೋಟಗಳಿಂದ, ಗುಲಾಮರ ಬೆವರಿನಿಂದ. ಇದನ್ನು ಬಿಟ್ಟು ಬರೀ ಕಲ್ಲಿದ್ದಲು, ಕಾಲುವೆ ಎಂದರೆ ಕಥೆ ಕುಂಟುತ್ತದೆ.

ಪರಿಣಾಮಗಳ ಪಾಠಕ್ಕೆ ನನ್ನ ಬಳಿ ಇರುವ ಒಳ್ಳೆಯ ಸಾಮಗ್ರಿ ಗಿರಣಿಯವರು ಆಳುಗಳಿಗೆ ಹಾಕುತ್ತಿದ್ದ ದಂಡದ ಒಂದು ಪಟ್ಟಿ. ಮ್ಯಾಂಚೆಸ್ಟರ್ ಬಳಿಯ ಟಿಲ್ಡ್ಸ್‌ಲಿಯಲ್ಲಿ 1823ರಲ್ಲಿ ಮುಷ್ಕರ ಹೂಡಿದ ನೂಲುಗಾರರು ಅಚ್ಚು ಹಾಕಿಸಿದ್ದು. ಅದರ ಕೆಲವು ಸಾಲುಗಳನ್ನು ಕನ್ನಡಕ್ಕೆ ತಂದು ಮಕ್ಕಳಿಂದಲೇ ಓದಿಸುತ್ತೇನೆ. ಕಿಟಕಿ ತೆರೆದಿದ್ದರೆ 1 ಶಿಲ್ಲಿಂಗ್. ಕೆಲಸದ ವೇಳೆ ಮೈ ಕೊಳಕಾಗಿದ್ದರೆ 1 ಶಿಲ್ಲಿಂಗ್. ಮೈ ತೊಳೆಯುತ್ತ ಸಿಕ್ಕಿಬಿದ್ದರೂ 1 ಶಿಲ್ಲಿಂಗ್. ಶಿಳ್ಳೆ ಹಾಕಿದರೆ 1 ಶಿಲ್ಲಿಂಗ್. ಕಾಯಿಲೆ ಬಿದ್ದು ತಕ್ಕ ಬದಲಿ ಆಳನ್ನು ಕೊಡದಿದ್ದರೆ ವ್ಯರ್ಥವಾದ ಉಗಿಗಾಗಿ ದಿನಕ್ಕೆ 6 ಶಿಲ್ಲಿಂಗ್. ಕೊಳಕಾದರೂ ದಂಡ, ತೊಳೆದರೂ ದಂಡ ಎಂಬಲ್ಲಿ ತರಗತಿ ನಗುತ್ತದೆ, ಉಗಿಯ ಸಾಲಿಗೆ ನಗು ನಿಲ್ಲುತ್ತದೆ. ಒಳಗಿನ ಸೆಕೆ 80ರಿಂದ 84 ಡಿಗ್ರಿ ಫ್ಯಾರನ್‌ಹೀಟ್ ಎಂದೂ ಅದರಲ್ಲಿದೆ. ನಮ್ಮ ಮಕ್ಕಳು ಅದನ್ನು ಸೆಲ್ಸಿಯಸ್‌ಗೆ ಬದಲಿಸಿ, "ಬರೀ 29 ಸರ್, ಇಲ್ಲಿ ಚಳಿಗಾಲದ ಮಧ್ಯಾಹ್ನವೇ ಅಷ್ಟಿರುತ್ತದೆ" ಎಂದು ನನ್ನ ಗಾಳಿ ತೆಗೆಯುತ್ತಾರೆ. ಮುಚ್ಚಿದ ಕಿಟಕಿ, ಹಾರುವ ಹತ್ತಿಯ ದೂಳು, ಹದಿನಾಲ್ಕು ಗಂಟೆ ದುಡಿಮೆ ಎಂದು ಸೇರಿಸಿದ ಮೇಲೆ ಒಪ್ಪುತ್ತಾರೆ.

ಗಿರಣಿ ತಂದ ದೊಡ್ಡ ಬದಲಾವಣೆ ಈ ಪಟ್ಟಿಯಲ್ಲೇ ಇದೆ ಎಂದು ನನ್ನ ನಂಬಿಕೆ. ಮಕ್ಕಳು ದುಡಿಯುವುದು ಹೊಸದಾಗಿರಲಿಲ್ಲ. ಮನೆಯಲ್ಲಿ ನೂಲುವ ಕಾಲದಲ್ಲೂ ಅವರು ದುಡಿಯುತ್ತಿದ್ದರು. ಆದರೆ ಅಲ್ಲಿ ಯಾವಾಗ ಏಳಬೇಕು, ಯಾವಾಗ ಉಣ್ಣಬೇಕು ಎನ್ನುವುದು ಮನೆಯವರ ಕೈಯಲ್ಲಿತ್ತು. ಇಲ್ಲಿ ಗಂಟೆಯ ಕೈಯಲ್ಲಿ, ಮೇಸ್ತ್ರಿಯ ಕೈಯಲ್ಲಿ. ಜವಳಿ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನವರನ್ನು ದುಡಿಸಬಾರದೆಂದು 1833ರ ಕಾನೂನು ಹೇಳಿತು. ರೇಷ್ಮೆ ಗಿರಣಿಗಳಿಗೆ ಅದರಲ್ಲೂ ವಿನಾಯಿತಿ. ಜಾರಿ ನೋಡಿಕೊಳ್ಳಲು ಇಡೀ ದೇಶಕ್ಕೆ ನಾಲ್ವರು ಇನ್‌ಸ್ಪೆಕ್ಟರುಗಳು.

ಕೂಲಿಕಾರರ ನೈರ್ಮಲ್ಯ ಕುರಿತ 1842ರ ಚಾಡ್ವಿಕ್ ವರದಿಯ ಅಂಕಿಯೊಂದನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಮ್ಯಾಂಚೆಸ್ಟರಿನ ಕೂಲಿಕಾರ ಕುಟುಂಬಗಳಲ್ಲಿ ಸಾವಿನ ಸರಾಸರಿ ವಯಸ್ಸು 17. ಹಳ್ಳಿಗಾಡಾದ ರಟ್‌ಲೆಂಡಿನಲ್ಲಿ ಅದೇ ವರ್ಗಕ್ಕೆ 38. ಮ್ಯಾಂಚೆಸ್ಟರಿನ ಶ್ರೀಮಂತರಿಗೂ 38ಕ್ಕಿಂತ ಹೆಚ್ಚಿಲ್ಲ. ಕೇಳಿದ ಕೂಡಲೇ ಮಕ್ಕಳು "ಹದಿನೇಳಕ್ಕೆ ಸಾಯುತ್ತಿದ್ದರು" ಎಂದು ಬರೆದುಕೊಳ್ಳುತ್ತಾರೆ. ತೊಟ್ಟಿಲಲ್ಲಿ ತೀರಿಕೊಂಡ ಕೂಸುಗಳು ಸರಾಸರಿಯನ್ನು ಕೆಳಗೆಳೆದಿವೆ, ಜನಸಂಖ್ಯೆ ಎಳೆಯರದೇ ಆಗಿದ್ದಾಗಲೂ ಹಾಗಾಗುತ್ತದೆ ಎಂದು ಐದು ಅಂಕಿಗಳ ಉದಾಹರಣೆ ಕೊಟ್ಟು ತಿದ್ದಿಸುತ್ತೇನೆ. ಆಮೇಲೂ ಆ ಅಂಕಿ ಭೀಕರವಾಗಿಯೇ ಉಳಿಯುತ್ತದೆ.

ನಮ್ಮ ಸೀಮೆಗೆ ಇದರ ಕೊಂಡಿ ಇದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತಾಗ ಇಂಗ್ಲೆಂಡಿನ ಹತ್ತಿಗಿರಣಿಗಳ ಸೀಮೆಯಾದ ಲ್ಯಾಂಕಷೈರಿನ ಕಣ್ಣು ಧಾರವಾಡದ ಕರಿಮಣ್ಣಿನ ಮೇಲೆ ಬಿತ್ತು. ಕಾರವಾರದಲ್ಲಿ ಬಂದರು ಬೇಕೆಂಬ ಒತ್ತಾಯ ಬಂದದ್ದು ಆ ಹತ್ತಿಯನ್ನು ಸಾಗಿಸಲಿಕ್ಕೇ. ಘಟಪ್ರಭೆಯ ನೀರನ್ನು ನಂಬಿ ಗೋಕಾಕ ಗಿರಣಿ ಶುರುವಾದದ್ದು 1887ರಲ್ಲಿ. ಆರ್ಕ್‌ರೈಟ್ ಕ್ರಾಮ್‌ಫರ್ಡಿನಲ್ಲಿ ನೀರಿನ ಪಕ್ಕ ಗಿರಣಿ ಕಟ್ಟಿ ಆಗಲೇ ನೂರು ವರ್ಷ ದಾಟಿತ್ತು. ಹತ್ತಿರದ ಕಾಲೇಜಿನವರಿಗೆ ಫಾಲ್ಸ್ ನೋಡಲು ಹೋದಾಗ ಗಿರಣಿಯ ಕಡೆಗೂ ಬೆರಳು ತೋರಿಸಿ ಎಂದು ಹೇಳುತ್ತೇನೆ.

ಕೊನೆಯಲ್ಲಿ ಒಂದು ಪ್ರಶ್ನೆ ಕೊಡುತ್ತೇನೆ: ಯಂತ್ರ ಲ್ಯಾಂಕಷೈರಿನ ಕೈಮಗ್ಗದ ನೇಕಾರನನ್ನು ಉದ್ಧರಿಸಿತೋ, ಮುಳುಗಿಸಿತೋ? ಗಿರಣಿ ನೂಲು ಧಾರಾಳವಾದ 1790ರ ದಶಕದಲ್ಲಿ ಅವನಿಗೆ ಕೈತುಂಬ ಕೆಲಸ, ಒಳ್ಳೆಯ ಕೂಲಿ. ವಿದ್ಯುತ್ತಿಲ್ಲದ ಕಾಲದ ಯಂತ್ರಮಗ್ಗ ಉಗಿಯಿಂದಲೇ ಓಡತೊಡಗಿ 1820ರ ದಶಕದಲ್ಲಿ ಹಬ್ಬಿದಾಗ ಅದೇ ಕೂಲಿ ಪಾತಾಳಕ್ಕಿಳಿಯಿತು. ಎರಡರಲ್ಲಿ ಯಾವ ಉತ್ತರ ಬರೆದರೂ ಸರಿ, ಯಾವ ದಶಕದ ಮಾತು ಎಂದು ಬರೆಯದಿದ್ದರೆ ಅಂಕ ಕೊಡುವುದಿಲ್ಲ.