ಕಥೆ ಓದಿ ಮುಗೀತು, ಆದ್ರೆ ಅದರ ಆಶಯ ಹಿಡಿಯೋದು ಹೇಗೆ?

ಆಶಯ ಏನು ಅಂತ ಕೇಳಿದ್ರೆ ತುಂಬ ಜನ ಕಥೇನೇ ಮತ್ತೆ ಹೇಳೋಕೆ ಶುರು ಮಾಡ್ತಾರೆ, ಇಲ್ಲಾಂದ್ರೆ ‘ಪ್ರೀತಿ’, ‘ಬಡತನ’ ಅಂತ ಒಂದು ಪದದಲ್ಲಿ ಮುಗಿಸಿಬಿಡ್ತಾರೆ. ಮೊದಲನೇದು ಸಾರಾಂಶ, ಎರಡನೇದು ವಸ್ತು. ಆ ವಸ್ತು ಬಗ್ಗೆ ಕಥೆ ಏನು ಹೇಳ್ತಿದೆ ಅನ್ನೋದೇ ಆಶಯ, ಹಾಗಾಗಿ ಅದನ್ನ ಪೂರ್ತಿ ವಾಕ್ಯದಲ್ಲೇ ಬರೀಬೇಕು.

ಒಂದು ಪುಟ್ಟ ಕಥೆ ಇಟ್ಕೊಳ್ಳೋಣ. ಅಪ್ಪ ಮಗ ಮಾತು ಬಿಟ್ಟು ವರ್ಷಗಳಾಗಿವೆ. ಅಪ್ಪ ತೀರಿಕೊಂಡ ಮೇಲೆ ಮಗ ಮನೆ ಖಾಲಿ ಮಾಡೋಕೆ ಬರ್ತಾನೆ, ಕಪಾಟು ತೆಗೆದ್ರೆ ತಾನು ಹಿಂದೆ ಸಿಟ್ಟಲ್ಲಿ ಒಡೆದು ಬಿಸಾಕಿದ್ದ ವಾಚು ರಿಪೇರಿಯಾಗಿ ಓಡ್ತಾ ಇದೆ. ಅದನ್ನ ಕೈಗೆ ಕಟ್ಕೊಂಡು, ಬಾಗಿಲು ಹಾಕಿ ಹೋಗ್ತಾನೆ. ಅಷ್ಟೇ.

ಇಲ್ಲಿ ‘ಹೆತ್ತವರನ್ನ ಗೌರವಿಸಬೇಕು’ ಅಂತ ಬರೆದ್ರೆ ಅದು ನೀತಿಪಾಠ ಆಯ್ತು, ಕಥೆ ಎಲ್ಲೂ ಹಾಗೆ ಬುದ್ಧಿ ಹೇಳಿಲ್ಲ. ‘ಮಾತು ನಿಂತ್ರೂ ಪ್ರೀತಿ ನಿಲ್ಲಲ್ಲ, ಆದ್ರೆ ಬಾಯಿಬಿಟ್ಟು ಹೇಳದಿದ್ರೆ ತಡವಾಗಿ ತಲುಪುತ್ತೆ’ ಅಂದ್ರೆ ಹತ್ತಿರ ಬಂದ್ರಿ. ಗಮನಿಸಿ, ಈ ವಾಕ್ಯದಲ್ಲಿ ಅಪ್ಪನೂ ಇಲ್ಲ ವಾಚೂ ಇಲ್ಲ, ಯಾರ ಬದುಕಿಗಾದ್ರೂ ಹೊಂದುತ್ತೆ.

ಇದು ಸಿಕ್ಕಿದ್ದು ಹೇಗೆ ಅಂದ್ರೆ, ಯಾರು ಬದಲಾದ್ರು, ವಾಚಿನಂಥ ಯಾವ ಸಾಮಾನನ್ನ ಕಣ್ಣಿಗೆ ಬೀಳೋ ಹಾಗೆ ಇಟ್ಟಿದ್ದಾರೆ, ಕೊನೆ ಹೇಗಾಯ್ತು ಅಂತ ನೋಡಿದ್ರಿಂದ. ಅದರಲ್ಲೂ ಕೊನೆ ತುಂಬಾ ಮುಖ್ಯ. ಮಗ ವಾಚನ್ನ ಅಲ್ಲೇ ಬಿಟ್ಟು ಹೋದ ಅಂತ ಬದಲಾಯಿಸಿ ನೋಡಿ, ಉಳಿದಿದ್ದೆಲ್ಲ ಹಾಗೇ ಇದ್ರೂ ಆಶಯ ತಿರುಗಿಬೀಳುತ್ತೆ, ಕೆಲವು ಗಾಯ ರಿಪೇರಿ ಆಗಲ್ಲ ಅನ್ನೋ ಕಥೆ ಆಗುತ್ತೆ. ಆಶಯ ಹಿಡಿಯೋಕೆ ನಾನು ಮೊದಲು ಮಾಡೋದು ಇದನ್ನೇ.

ಅಪ್ಪನಿಗೆ ಪ್ರೀತಿ ಇತ್ತು ಅಂತ ಕಥೇಲಿ ಒಂದು ಸಲಾನೂ ಬರೆದಿಲ್ಲ ನೋಡಿ, ಆದ್ರೂ ನಮಗೆ ಹೊಳೀತು. ಹೀಗೆ ಹೇಳದೇನೇ ಹೊಳೆಯೋ ಅರ್ಥಕ್ಕೇ ಧ್ವನಿ ಅನ್ನೋದು, ಕಾಶ್ಮೀರದ ಕಾವ್ಯಚಿಂತಕ ಆನಂದವರ್ಧನ 9ನೇ ಶತಮಾನದಲ್ಲೇ ಧ್ವನಿಯನ್ನ ಕಾವ್ಯದ ಆತ್ಮ ಅಂತ ಕರೆದಿದ್ದ.

ವಾಕ್ಯ ಬರೆದ ಮೇಲೆ ಕಥೆಯ ಎಲ್ಲಾ ಘಟನೆಗಳ ಮೇಲೂ ಇಟ್ಟು ನೋಡಿ. ನಡುವೆ ಎಲ್ಲೋ ಮಗನ ಕಾಗದವನ್ನ ಅಪ್ಪ ಓದದೇ ಹರಿದುಹಾಕೋ ಘಟನೆ ಇದೆ ಅನ್ಕೊಳ್ಳಿ, ಆಗ ಬರೀ ಪ್ರೀತಿ ಅಂದ್ರೆ ಸಾಲಲ್ಲ, ಅಪ್ಪನ ಹಠಕ್ಕೂ ವಾಕ್ಯದಲ್ಲಿ ಜಾಗ ಕೊಡ್ಬೇಕು. ನಿಮ್ಮ ವಾಕ್ಯಕ್ಕೆ ಹೊಂದಲ್ಲ ಅಂತ ಆ ಪುಟ ಹಾರಿಸಬೇಡಿ, ವಾಕ್ಯವನ್ನೇ ತಿದ್ದಿ.